ಅರವಟ್ಟಿಗೆಯ ಜಾಗದಲ್ಲಿ ಯಂತ್ರ

ಬೇಸಿಗೆ ಕಾಲಿಟ್ಟೊಡನೆ ಮಹಾನಗರಗಳಲ್ಲಿ ಒಂದು ಸಲಹೆ ಮತ್ತೆ ಮತ್ತೆ ತಲೆಯೆತ್ತುತ್ತದೆ. ಸಾರ್ವಜನಿಕ ಉದ್ಯಾನಗಳಲ್ಲಿ ಪಾನೀಯ ಮಾರುವ ಯಂತ್ರಗಳನ್ನು ನಿಲ್ಲಿಸಬಾರದೇಕೆ ಎಂಬುದು ಆ ಸಲಹೆ. ಮುಂಜಾನೆ ನಡೆಯಲು ಬರುವವರಿಗೆ ತಣ್ಣನೆಯ ನೀರು ಸಿಗುತ್ತದೆ, ಮಕ್ಕಳಿಗೆ ಹಣ್ಣಿನ ರಸ ಸಿಗುತ್ತದೆ, ಪಾಲಿಕೆಗೆ ನೆಲಬಾಡಿಗೆ ಸಿಗುತ್ತದೆ, ಆ ಬಾಡಿಗೆಯಿಂದ ಹುಲ್ಲುಹಾಸಿನ ನಿರ್ವಹಣೆಯೂ ನಡೆಯುತ್ತದೆ ಎಂಬುದು ಅದರ ಪರವಾದ ವಾದ. ಕೇಳುವವರಿಗೆ ಇದರಲ್ಲಿ ದೋಷವೇನೂ ಕಾಣುವುದಿಲ್ಲ. ಗೃಹಸಂಘಗಳ ಸಭೆಗಳಲ್ಲಿ ಇಂಥ ಮಾತು ಬಂದಾಗ ಬಹುತೇಕ ಎಲ್ಲರೂ ತಲೆಯಾಡಿಸುತ್ತಾರೆ. ಅಂಥ ಸಭೆಗಳಲ್ಲಿ ಕನ್ನಡ ಜೈನ ಕುಟುಂಬಗಳ ಹಿರಿಯರೂ ಇರುತ್ತಾರೆ. ಯಂತ್ರವೊಂದನ್ನು ಸಮಾಜದ ಹೆಸರಿನಲ್ಲಿ ದಾನವಾಗಿ ಕೊಡಬಾರದೇ ಎಂಬ ಪ್ರಶ್ನೆ ಬಸದಿಯ ಟ್ರಸ್ಟುಗಳ ಬಾಗಿಲಿಗೂ ಬರುತ್ತದೆ. ಆದ್ದರಿಂದ ಈ ವಿಷಯವನ್ನು ಪಾಲಿಕೆಯ ಉದ್ಯಾನ ಇಲಾಖೆಗೆ ಬಿಟ್ಟು ಕೈತೊಳೆದುಕೊಳ್ಳುವಂತಿಲ್ಲ.

ಮೊದಲು ಯಂತ್ರದ ಪರವಾದ ಮಾತುಗಳನ್ನು ನ್ಯಾಯವಾಗಿ ಒಪ್ಪಬೇಕು. ಮೊಹರು ಒಡೆಯದ ಬಾಟಲಿ ಶುದ್ಧವೆಂಬ ನಂಬಿಕೆ ಜನರಲ್ಲಿದೆ. ಉದ್ಯಾನದ ಮೂಲೆಯಲ್ಲಿ ಪಾಚಿಗಟ್ಟಿದ ತೊಟ್ಟಿಯ ನಲ್ಲಿಯನ್ನು ಕಂಡವರು ಆ ನಂಬಿಕೆಯನ್ನು ಹಾಸ್ಯ ಮಾಡಲಾರರು. ಯಂತ್ರ ಮುದ್ರಿತ ಬೆಲೆಗಿಂತ ಹೆಚ್ಚು ಕೇಳುವುದಿಲ್ಲ. ಒಬ್ಬಂಟಿಯಾಗಿ ಓಡಲು ಬರುವ ಹೆಣ್ಣುಮಗಳು ನೀರಿಗಾಗಿ ಹೊರಗಿನ ರಸ್ತೆ ದಾಟಬೇಕಾಗಿಲ್ಲ. ಮಧುಮೇಹಕ್ಕೆ ಔಷಧಿ ಸೇವಿಸುವ ವೃದ್ಧರೊಬ್ಬರಿಗೆ ನಡೆಯುತ್ತಿರುವಾಗಲೇ ಸಕ್ಕರೆಯಂಶ ಕುಸಿದು ಬೆವರು ಒಡೆದರೆ, ಕೈಗೆಟುಕುವ ಒಂದು ಸಿಹಿಪಾನೀಯ ಅವರನ್ನು ಉಳಿಸಬಲ್ಲದು. ಇವೆಲ್ಲ ನಿಜ. ಯಂತ್ರ ಬೇಡವೆನ್ನುವವರು ಇವಕ್ಕೆ ಉತ್ತರ ಕೊಡದೆ ಬರಿಯ ಸಂಪ್ರದಾಯದ ಹೆಸರು ಹೇಳಿದರೆ ಅವರ ಮಾತನ್ನು ಯಾರೂ ಕೇಳಬೇಕಾಗಿಲ್ಲ.

ಆದರೆ ಯಂತ್ರ ತನ್ನಷ್ಟಕ್ಕೆ ತಾನು ಲಾಭ ತರುವುದು ನೀರಿನಿಂದಲ್ಲ. ಗುತ್ತಿಗೆದಾರನಿಗೆ ಹೆಚ್ಚು ಉಳಿಕೆ ತರುವ ಸರಕು ಸಕ್ಕರೆಯ ಪಾನೀಯ. ಸಾಮಾನ್ಯ ಕೋಲಾದ 300 ಮಿಲಿಲೀಟರಿನ ಡಬ್ಬಿಯೊಂದರಲ್ಲಿ 30 ಗ್ರಾಂಗೂ ಮಿಕ್ಕ ಸಕ್ಕರೆಯಿರುತ್ತದೆ. ವಯಸ್ಕರು ದಿನಕ್ಕೆ ಸುಮಾರು 25 ಗ್ರಾಂ ಸೇರಿಸಿದ ಸಕ್ಕರೆಯೊಳಗೆ ಇರುವುದು ಒಳಿತೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿಯೇ ಹೇಳಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನ ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆಂದು ಅಂದಾಜಿಸಿತು. ವೈದ್ಯರು ನಡೆಯಿರಿ ಎಂದು ಕಳುಹಿಸಿದ ಜನ ನಡೆಯುವ ದಾರಿಯ ಕೊನೆಯಲ್ಲೇ ಆ ಡಬ್ಬಿಗಳ ಸಾಲನ್ನು ದೀಪ ಹಚ್ಚಿ ನಿಲ್ಲಿಸುವುದು ವಿಚಿತ್ರ ಆರೋಗ್ಯನೀತಿ. ಇದೇ ಪಾನೀಯಗಳನ್ನು ಕೇಂದ್ರ ಸರ್ಕಾರ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 40ರ ತೆರಿಗೆಯ ವರ್ಗಕ್ಕೆ ಸೇರಿಸಿದೆ. ತಂಬಾಕು, ಪಾನ್ ಮಸಾಲೆಗಳ ನೆರೆಯಲ್ಲಿ ಇರಿಸಿದ ಸರಕಿಗೆ ಪಾಲಿಕೆಯೇ ಮರದ ನೆರಳನ್ನು ಬಾಡಿಗೆಗೆ ಕೊಡುವುದೆಂದರೆ, ಒಂದು ಸರ್ಕಾರದ ಎಡಗೈ ಮಾಡಿದ್ದನ್ನು ಇನ್ನೊಂದರ ಬಲಗೈ ಅಳಿಸಿದಂತೆ. ಸಕ್ಕರೆ ಕುಸಿದ ವೃದ್ಧರ ವಿಚಾರಕ್ಕೆ ಬಂದರೆ, ಕಾವಲುಗಾರನ ಪೆಟ್ಟಿಗೆಯಲ್ಲಿ ಗ್ಲುಕೋಸ್ ಪುಡಿಯ ಒಂದು ಪೊಟ್ಟಣ ಇದ್ದರೆ ಸಾಕು. ಅದಕ್ಕಾಗಿ ಇಡೀ ಅಂಗಡಿ ತೆರೆಯಬೇಕಾಗಿಲ್ಲ.

ಶಾಲಾ ಮಕ್ಕಳ ಆಹಾರದ ಬಗ್ಗೆ ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲಿ ಹೊರಡಿಸಿದ ನಿಯಮದಂತೆ, ಕೊಬ್ಬು, ಉಪ್ಪು ಅಥವಾ ಸಕ್ಕರೆ ಹೆಚ್ಚಿರುವ ತಿನಿಸು ಪಾನೀಯಗಳನ್ನು ಶಾಲೆಯ ಕ್ಯಾಂಟೀನಿನಲ್ಲಿಯೂ ಶಾಲೆಯ ಗೇಟಿನಿಂದ 50 ಮೀಟರ್ ಒಳಗೂ ಮಾರುವಂತಿಲ್ಲ. ಮುಂಬಯಿ, ಪುಣೆಯಂಥ ಕಿಕ್ಕಿರಿದ ಊರುಗಳಲ್ಲಿ ಶಾಲೆಯ ಗೋಡೆಗೂ ಉದ್ಯಾನದ ಗೋಡೆಗೂ ನಡುವೆ ಎಷ್ಟೋ ಕಡೆ ಒಂದು ಓಣಿಯಷ್ಟೇ ಅಂತರ. ಯಂತ್ರ ಬೇಕೆಂದು ಅರ್ಜಿ ಬರೆಯುವವರು ಆ ಅಂತರವನ್ನು ಒಮ್ಮೆ ಅಳೆದು ನೋಡುವುದು ಒಳ್ಳೆಯದು.

ಜೈನ ಮನೆಗಳಲ್ಲಿ ಈ ಚರ್ಚೆ ಬೇರೊಂದು ಕಡೆಗೆ ತಿರುಗುವುದುಂಟು. ಯಂತ್ರದ ಪಾನೀಯ ಭಕ್ಷ್ಯವೋ ಅಭಕ್ಷ್ಯವೋ ಎಂಬ ಪ್ರಶ್ನೆ ಏಳುತ್ತದೆ. ಪ್ರಶ್ನೆ ಸಲ್ಲದ್ದೇನಲ್ಲ. ಪೊಟ್ಟಣದ ಮೇಲಿನ ಹಸಿರು ಚುಕ್ಕೆ ಕಾನೂನಿನ ಸಸ್ಯಾಹಾರಕ್ಕೆ ಸಾಕ್ಷಿಯೇ ಹೊರತು ಶ್ರಾವಕಾಚಾರಕ್ಕೆ ಅಲ್ಲ. ಜೇನುತುಪ್ಪ ಬೆರೆಸಿದ ಪಾನೀಯಕ್ಕೂ ಹಸಿರು ಚುಕ್ಕೆ ಸಿಗುತ್ತದೆ, ಆದರೆ ಮಧುತ್ಯಾಗ ಶ್ರಾವಕನ ಮೂಲಗುಣಗಳಲ್ಲೇ ಸೇರಿದೆ. ಬಿಸಿ ಚಹಾ ಕೊಡುವ ಯಂತ್ರದಲ್ಲಿ ಶುಂಠಿಯ ಘಮವಿದ್ದರೆ ಅದು ಹಸಿ ಶುಂಠಿಯದೋ ಒಣ ಶುಂಠಿಯದೋ ಎಂದು ಯಂತ್ರವನ್ನು ಕೇಳಲಾಗುವುದಿಲ್ಲ. ನೀರಿನ ವಿಷಯದಲ್ಲಂತೂ ಸಂಪ್ರದಾಯದ ಲೆಕ್ಕ ಇನ್ನೂ ಸೂಕ್ಷ್ಮ. ಬಟ್ಟೆಯಲ್ಲಿ ಗಾಳಿಸಿದ ನೀರಿಗೆ ಎರಡು ಗಳಿಗೆ, ಎಂದರೆ 48 ನಿಮಿಷ ಮಾತ್ರ ಮರ್ಯಾದೆ. ಕುದಿಸಿದ ನೀರಿಗೆ ಒಂದು ಹಗಲಿರುಳು. ಗಾಳಿಸಿದ ಬಟ್ಟೆಯಲ್ಲಿ ಉಳಿದ ಜೀವಗಳನ್ನು ನೀರು ಬಂದ ಬಾವಿಗೇ ಮರಳಿಸಬೇಕೆಂಬ ವಿಧಿಯೂ ಇದೆ. ಈ ನಿಯಮಗಳನ್ನು ಪಾಲಿಸುವವರು ಮನೆಯಿಂದಲೇ ನೀರು ಒಯ್ಯುತ್ತಾರೆ, ಸೂರ್ಯಾಸ್ತದ ಬಳಿಕ ಅದನ್ನೂ ಮುಟ್ಟುವುದಿಲ್ಲ. ಅವರಿಗೆ ಯಂತ್ರ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಆದ್ದರಿಂದ ಭಕ್ಷ್ಯಾಭಕ್ಷ್ಯದ ಚರ್ಚೆಗೆ ಇಲ್ಲಿ ಎರಡನೆಯ ಸ್ಥಾನ. ಉದ್ಯಾನದಲ್ಲಿ ಬಾಯಾರಿ ಕೂತಿರುವವರು ಯಾರು ಎಂಬುದು ಮೊದಲ ಪ್ರಶ್ನೆ. ನಡೆಯಲು ಬರುವ ನಿವೃತ್ತ ಅಧಿಕಾರಿಯ ಕೈಯಲ್ಲಿ ಉಕ್ಕಿನ ಬಾಟಲಿ ಇರುತ್ತದೆ. ಮಧ್ಯಾಹ್ನ ಎರಡು ಗಂಟೆಗೆ ಅದೇ ಬೆಂಚಿನ ಮೇಲೆ ಕೂರುವವರು ಬೇರೆ ಜನ: ಎರಡು ಮನೆಗಳ ಕೆಲಸದ ನಡುವೆ ಅರ್ಧ ಗಂಟೆ ಉಳಿಸಿಕೊಂಡ ಹೆಂಗಸು, ಬಿಸಿಲಿನಲ್ಲಿ ಊಟದ ಪೊಟ್ಟಣ ತಲುಪಿಸಿ ಬಂದ ಹುಡುಗ, ಪಕ್ಕದ ಕಟ್ಟಡದಲ್ಲಿ ಗಾರೆ ಹೊರುವ ಕೂಲಿ, ಉದ್ಯಾನದ ಮಾಲಿ. ಇವರಲ್ಲಿ ಮಾಲಿಯ ಸ್ಥಿತಿ ವಿಪರ್ಯಾಸದ್ದು. ಕೈಯಲ್ಲಿ ದಿನವಿಡೀ ನೀರಿನ ಕೊಳವೆ ಹಿಡಿದಿರುವ ಆತನಿಗೆ ಕುಡಿಯಲು ಯೋಗ್ಯವಾದ ನೀರು ಅಲ್ಲಿರುವುದಿಲ್ಲ. ಕೊಳವೆಯಲ್ಲಿ ಬರುವುದು ಹಲವೆಡೆ ಬೋರ್‌ವೆಲ್ಲಿನದು, ಇಲ್ಲವೇ ಟ್ಯಾಂಕರಿನದು. ಇಂಥವರ ಎದುರು ಯಂತ್ರವೊಂದನ್ನು ನಿಲ್ಲಿಸಿ, ಫೋನಿನಿಂದ ಸಂಕೇತಚಿತ್ರ ಹಿಡಿದು 20 ರೂಪಾಯಿ ಕಳುಹಿಸಿದರೆ ಮಾತ್ರ ನೀರು ಎಂದರೆ, ಅದು ಅವರ ದಾಹಕ್ಕೆ ಕೊಟ್ಟ ಉತ್ತರವಾಗುವುದಿಲ್ಲ. ಯಂತ್ರ ಬಂದ ಮೇಲೆ ಪಕ್ಕದ ನಲ್ಲಿ ಕೆಟ್ಟರೆ ಅದನ್ನು ದುರಸ್ತಿ ಮಾಡಿಸುವ ಆತುರ ಯಾರಿಗೂ ಇರುವುದಿಲ್ಲ ಎಂಬುದು ಇನ್ನೂ ಗಂಭೀರವಾದ ಸಂಗತಿ. ಗುತ್ತಿಗೆದಾರನಿಗಂತೂ ಅದು ಕೆಟ್ಟೇ ಇರುವುದು ಲಾಭ.

ಮುಂಬಯಿಯಲ್ಲಿ ತಲೆಯೊಂದಕ್ಕೆ ಎರಡು ಚದರ ಮೀಟರಿನಷ್ಟೂ ಬಯಲಿಲ್ಲ. ಅಂಥ ನಗರದಲ್ಲಿ ಉದ್ಯಾನವೆಂದರೆ ಕಾಸಿಲ್ಲದವನೂ ಕಾಸುಳ್ಳವನೂ ಒಂದೇ ಬೆಂಚಿನಲ್ಲಿ ಕೂರಬಹುದಾದ ಕೊನೆಯ ಕೆಲವು ಜಾಗಗಳಲ್ಲೊಂದು. 2016ರ ಜನವರಿಯಲ್ಲಿ ಬಯಲುಗಳನ್ನು ಖಾಸಗಿಯವರ ಪಾಲನೆಗೆ ಒಪ್ಪಿಸುವ ನೀತಿಗೆ ಪಾಲಿಕೆ ಒಪ್ಪಿಗೆ ಕೊಟ್ಟಾಗ ನಾಗರಿಕರು ಎದ್ದು ನಿಂತಿದ್ದರು. ಮುಖ್ಯಮಂತ್ರಿಯೇ ಅದಕ್ಕೆ ತಡೆ ಹಾಕಬೇಕಾಯಿತು. ಯಂತ್ರ ಆಕ್ರಮಿಸುವ ನೆಲ ಒಂದು ಚದರ ಮೀಟರಿನಷ್ಟಿರಬಹುದು. ಆದರೆ ಉದ್ಯಾನದೊಳಗಿನ ನೀರಿಗೆ ಬೆಲೆ ಕಟ್ಟುವ ರೂಢಿ ಒಮ್ಮೆ ಬೇರೂರಿದರೆ ಅದು ಅಷ್ಟಕ್ಕೇ ನಿಲ್ಲಲಾರದು. ಸಾರ್ವಜನಿಕ ನೀರು ಎಲ್ಲರದೆಂದು ಸ್ಥಾಪಿಸಲು ಡಾ. ಅಂಬೇಡ್ಕರ್ ಮತ್ತು ಅವರ ಜೊತೆಗಾರರು 1927ರ ಮಾರ್ಚ್ 20ರಂದು ಮಹಾಡದ ಚವದಾರ ಕೆರೆಗೆ ಇಳಿದದ್ದು ಇದೇ ಮಹಾರಾಷ್ಟ್ರದಲ್ಲಿ. ಅಂದು ಜಾತಿ ಕಟ್ಟಿದ್ದ ಬೇಲಿಯನ್ನು ಇಂದು ಬೆಲೆ ಕಟ್ಟುತ್ತಿದೆ ಎಂದರೆ ಹೋಲಿಕೆ ತುಸು ಅತಿಯಾದೀತು. ಬೇಲಿಯ ಹೊರಗೆ ಉಳಿಯುವವರು ಮಾತ್ರ ಬಹುಮಟ್ಟಿಗೆ ಅದೇ ಜನ.

ನೀರು ಕೊಡುವುದು ಪುಣ್ಯವೆಂಬ ಭಾವನೆ ಕನ್ನಡ ನಾಡಿಗೆ ಹೊಸದಲ್ಲ. ದಾರಿಹೋಕರಿಗೆ ನೀರೆರೆಯುವ ಅರವಟ್ಟಿಗೆಯ ಪ್ರಸ್ತಾಪ ಕನ್ನಡ ಶಾಸನಗಳಲ್ಲಿ ಅರವಂಟಿಗೆ ಎಂಬ ರೂಪದಲ್ಲಿ ಕಾಣುತ್ತದೆ. ಅದಕ್ಕೆ ಭೂಮಿ ಬಿಟ್ಟು, ಆ ಭೂಮಿಯ ಉತ್ಪತ್ತಿಯಿಂದ ಅದು ನಡೆಯುವಂತೆ ಮಾಡಿದವರು ಆ ಕಾಲದ ದಾನಿಗಳು. ಮಡಕೆ ಕೊಟ್ಟು ಕೈಬಿಡಲಿಲ್ಲ, ಮಡಕೆ ತುಂಬುವವನ ಜೀವನಕ್ಕೂ ಏರ್ಪಾಡು ಮಾಡಿದರು ಎಂಬುದನ್ನು ಗಮನಿಸಬೇಕು. ಮುಂಬಯಿಯಲ್ಲಿ ಇದಕ್ಕೆ ಸಮನಾದದ್ದು ಪ್ಯಾವು. ಮಸ್ಜಿದ್ ಬಂದರಿನ ಭಾತ್ ಬಜಾರಿನಲ್ಲಿ ಗಡಿಯಾರದ ಗೋಪುರದೊಂದಿಗೆ ಇಂದಿಗೂ ನಿಂತಿರುವ ನೀರಿನ ಕಟ್ಟೆಯನ್ನು 1876ರಲ್ಲಿ ಕಟ್ಟಿಸಿದವರು ಕಛ್ ಮೂಲದ ಜೈನ ವರ್ತಕ ಸೇಠ್ ಕೇಶವಜಿ ನಾಯಕ್. ಬಂದರಿನಿಂದ ಮೂಟೆ ಹೊತ್ತು ಬರುತ್ತಿದ್ದ ಹಮಾಲರಿಗೆ ಅಂಥ ಕಟ್ಟೆಗಳು ನೆರಳೂ ಆದವು, ನೀರೂ ಆದವು. ನಗರದ ಹಳೆಯ ಪ್ಯಾವುಗಳಲ್ಲಿ ಹಲವಕ್ಕೆ ಕೆಳಗಡೆ ಇನ್ನೊಂದು ತೊಟ್ಟಿ ಇರುತ್ತಿತ್ತು, ಎತ್ತು ಕುದುರೆ ನಾಯಿಗಳಿಗಾಗಿ. ಇಂದು ಯಾವ ಕಂಪನಿಯ ಯಂತ್ರದಲ್ಲಿಯೂ ಆ ಕೆಳಗಿನ ತೊಟ್ಟಿ ಇಲ್ಲ. ನಗರದುದ್ದಕ್ಕೂ ಎಷ್ಟೋ ಪ್ಯಾವುಗಳು ಒಣಗಿ, ಕೆಲವು ಅಂಗಡಿಗಳ ಹಿಂದೆ ಮರೆಯಾಗಿ, ಕೆಲವು ಮಾತ್ರ ಈಚಿನ ವರ್ಷಗಳಲ್ಲಿ ಜೀರ್ಣೋದ್ಧಾರ ಕಂಡಿವೆ.

ಯಂತ್ರವೆಂದರೆ ತಾನಾಗಿ ನಡೆಯುತ್ತದೆ ಎಂಬ ಭ್ರಮೆಯನ್ನು ಈಗಾಗಲೇ ನಡೆದ ಪ್ರಯೋಗಗಳು ಒಡೆದಿವೆ. ರೈಲ್ವೆ ಇಲಾಖೆ 2015ರಿಂದೀಚೆಗೆ ನಿಲ್ದಾಣಗಳಲ್ಲಿ ಅಗ್ಗದ ನೀರಿನ ಯಂತ್ರಗಳನ್ನು ತಂದಿತು. ಸ್ವಂತ ಬಾಟಲಿ ಒಯ್ದವರಿಗೆ 300 ಮಿಲಿಲೀಟರ್ ಒಂದು ರೂಪಾಯಿಗೆ, ಒಂದು ಲೀಟರ್ ಐದು ರೂಪಾಯಿಗೆ ಸಿಗುತ್ತಿತ್ತು. ಒಳ್ಳೆಯ ಯೋಜನೆ. ಆದರೂ ಕೊರೋನಾ ಕಾಲದಲ್ಲಿ ಬಾಗಿಲು ಹಾಕಿದ ಯಂತ್ರಗಳಲ್ಲಿ ಎಷ್ಟೋ ಮತ್ತೆ ತೆರೆಯಲಿಲ್ಲ. ಮುಂಬಯಿಯ ಉಪನಗರ ನಿಲ್ದಾಣಗಳಲ್ಲಿ ದಿನವೂ ಇಳಿದು ಹತ್ತುವವರಿಗೆ ಆ ನೀಲಿ ಗೂಡುಗಳ ನೆನಪಿರುತ್ತದೆ. ಕರ್ನಾಟಕದ ಹಳ್ಳಿಗಳಲ್ಲಿ ಐದು ರೂಪಾಯಿಗೆ 20 ಲೀಟರ್ ಕೊಡುವ ಶುದ್ಧ ನೀರಿನ ಘಟಕಗಳ ಕಥೆಯೂ ಬೇರೆಯಲ್ಲ. ನಡೆಯುವಲ್ಲಿ ಅವು ವರದಾನ, ನಿಂತಲ್ಲಿ ಬಣ್ಣ ಕಳೆದುಕೊಂಡ ಗೂಡು. ರಜೆಗೆ ಊರಿಗೆ ಹೋದವರು ಎರಡನ್ನೂ ಕಂಡಿರುತ್ತಾರೆ. ಫಿಲ್ಟರ್ ಬದಲಿಸಬೇಕಾದ ದಿನ ಬದಲಿಸುವವರಿಲ್ಲದಿರುವುದು, ವಿದ್ಯುತ್ ಬಿಲ್ಲು ಯಾರದೆಂಬ ಜಗಳ, ಗುತ್ತಿಗೆ ಮುಗಿದ ಮೇಲೆ ಬೀಗದ ಕೈ ಯಾರಲ್ಲಿದೆ ಎಂಬುದೇ ತಿಳಿಯದಿರುವುದು ಅವುಗಳನ್ನು ನಿಲ್ಲಿಸುವ ಕಾರಣಗಳು. ಚೆನ್ನೈ ನಗರ 2025ರ ಜೂನ್‌ನಲ್ಲಿ ಬೇರೆ ದಾರಿ ಹಿಡಿದು, 50 ಜಾಗಗಳಲ್ಲಿ ಹಣವಿಲ್ಲದೆ ನೀರು ಕೊಡುವ ಯಂತ್ರಗಳನ್ನು ಸಾರ್ವಜನಿಕರಿಗೆ ತೆರೆಯಿತು. ಬೇಸಿಗೆಗಳು ಕಳೆದಂತೆ ಅವುಗಳ ಸ್ಥಿತಿ ಹೇಗಿರುತ್ತದೆ ಎಂಬುದನ್ನು ಅಲ್ಲಿನ ಕನ್ನಡ ಕುಟುಂಬಗಳು ಗಮನಿಸುವುದು ಒಳ್ಳೆಯದು. ಯಂತ್ರವೆಂದರೆ ಮಾರಾಟವೇ ಆಗಬೇಕಿಲ್ಲ ಎಂಬುದನ್ನಂತೂ ಆ ನಗರ ತೋರಿಸಿದೆ.

ತಾಂತ್ರಿಕವಾಗಿಯೂ ಒಂದು ಮಾತು ಹೇಳಬೇಕು, ಏಕೆಂದರೆ ಇಂಥ ಸಭೆಗಳಲ್ಲಿ ಆರ್‌ಓ ಎಂಬ ಎರಡಕ್ಷರ ಉಚ್ಚರಿಸಿದೊಡನೆ ಎಲ್ಲರೂ ಸುಮ್ಮನಾಗುತ್ತಾರೆ. ಮುಂಬಯಿಗೆ ಬರುವುದು ತಾನ್ಸಾ, ಭಾತ್ಸಾ, ವೈತರಣಾ ಮೊದಲಾದ ಏಳು ಜಲಾಶಯಗಳ ನೀರು. ಲವಣಾಂಶ ಕಡಿಮೆಯಿರುವ ಆ ನೀರನ್ನು ಭಾಂಡುಪ್ ಮತ್ತು ಪಾಂಜರಾಪುರದಲ್ಲಿ ಶುದ್ಧೀಕರಿಸಿಯೇ ಬಿಡಲಾಗುತ್ತದೆ. ಅದಕ್ಕೆ ಆರ್‌ಓ ಹಾಕಿದರೆ ಒಳ್ಳೆಯ ನೀರಿನ ಒಂದು ದೊಡ್ಡ ಪಾಲು ಚರಂಡಿಗೆ ಹೋಗುತ್ತದೆ. ಕೊಳವೆಯಲ್ಲಿ ಬೆರೆತ ಕೊಳೆಯನ್ನು ತಡೆಯಲು ಸಾಮಾನ್ಯ ಫಿಲ್ಟರ್, ನೇರಳಾತೀತ ದೀಪ, ವಾರಕ್ಕೊಮ್ಮೆ ತೊಳೆದ ತೊಟ್ಟಿ ಇದ್ದರೆ ಸಾಕಾಗುತ್ತದೆ. ಗಡಸು ಅಂತರ್ಜಲವನ್ನೇ ನೆಚ್ಚಿದ ಹೈದರಾಬಾದ್, ದೆಹಲಿ, ಚೆನ್ನೈಗಳ ಬಡಾವಣೆಗಳ ಲೆಕ್ಕ ಬೇರೆ. ಅಲ್ಲಿಯೂ ಆರ್‌ಓ ಬಿಟ್ಟುಕೊಟ್ಟ ನೀರನ್ನು ಒರೆಸುವ, ತೊಳೆಯುವ ಕೆಲಸಗಳಿಗೆ ಹಿಡಿದಿಡುವುದಾದರೆ ಮಾತ್ರ ಒಪ್ಪಬಹುದು.

ಉದ್ಯಾನದ ಗೇಟಿನ ಹೊರಗೆ ಎಳನೀರು ಕೊಚ್ಚುವವನು, ನಿಂಬೆಹಣ್ಣಿನ ಶರಬತ್ತಿನವಳು, ಕಬ್ಬಿನ ಹಾಲಿನ ಗಾಡಿಯವನು ಇರುತ್ತಾರೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಅವರಿಗೆ ರಕ್ಷಣೆಯ ಮಾತು ಕೊಟ್ಟಿತು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇಕಡಾ 40ರಷ್ಟು ಸ್ಥಾನ ವ್ಯಾಪಾರಿಗಳಿಗೇ ಇರಬೇಕೆಂದಿತು. ಆ ಸಮಿತಿಗಳನ್ನು ಸರಿಯಾಗಿ ರಚಿಸುವುದಕ್ಕೆ ವರ್ಷಗಟ್ಟಲೆ ತೆಗೆದುಕೊಳ್ಳುವ ಪಾಲಿಕೆಗಳು ಯಂತ್ರದ ಟೆಂಡರಿಗೆ ಮಾತ್ರ ವಾರಗಳಲ್ಲಿ ಸಿದ್ಧವಾಗುತ್ತವೆ. ಎಳನೀರಿನ ಬುರುಡೆ ಮಣ್ಣಿಗೆ ಸೇರುತ್ತದೆ, ಬಾಟಲಿ ಸೇರುವುದಿಲ್ಲ ಎಂಬುದು ಪರಿಸರದ ಮಾತಾಯಿತು. ಬಾಟಲಿ ಹಿಂದಿರುಗಿಸಿದವರಿಗೆ ಠೇವಣಿ ಮರಳಿಸುವ ವ್ಯವಸ್ಥೆಯನ್ನು ಮಹಾರಾಷ್ಟ್ರ 2018ರಲ್ಲೇ ಆದೇಶದಲ್ಲಿ ಬರೆದಿತ್ತು. ಅಂಗಡಿಯಲ್ಲಿ ಬಾಟಲಿ ಕೊಟ್ಟು ಆ ಹಣ ಪಡೆದವರನ್ನು ಕಾಣುವುದು ದುರ್ಲಭ.

ಅಹಿಂಸೆಯ ದೃಷ್ಟಿಯಿಂದ ಎದ್ದೇಳಬೇಕಾದ ಒಂದು ಆಕ್ಷೇಪಣೆ ಮಾತ್ರ ಯಾವ ಸಭೆಯಲ್ಲೂ ಕೇಳಿಬರುವುದಿಲ್ಲ. ಇಂಥ ಯಂತ್ರ ರಾತ್ರಿಯಿಡೀ ಬೆಳಗುತ್ತದೆ. ಮರಗಿಡಗಳ ನಡುವೆ ನಿಂತ ಬಿಳಿಯ ಬೆಳಕಿನ ಗಾಜಿಗೆ ಮಳೆಗಾಲದ ಇರುಳಿನಲ್ಲಿ ಮುತ್ತುವ ಹುಳುಗಳೆಷ್ಟು, ಬೆಳಗ್ಗೆ ಅದರ ಬುಡದಲ್ಲಿ ಗುಡಿಸಿ ಎಸೆಯುವ ರೆಕ್ಕೆಗಳೆಷ್ಟು ಎಂಬುದನ್ನು ಚಾತುರ್ಮಾಸದ ಅರ್ಥ ತಿಳಿದವರಿಗೆ ವಿವರಿಸಬೇಕಾಗಿಲ್ಲ. ಅರ್ಧ ಕುಡಿದು ಎಸೆದ ಸಿಹಿಪಾನೀಯದ ಡಬ್ಬಿ ಇರುವೆಗಳಿಗೆ, ಜೇನುನೊಣಗಳಿಗೆ ಬಲೆ. ದೀಪದ ಕೆಳಗೆ ಊಟ ಮಾಡಬಾರದೆಂದು ಮಕ್ಕಳಿಗೆ ಕಲಿಸುವ ಮನೆಗಳು ಆ ನಿಯಮದ ಹಿಂದಿನ ಕರುಣೆಯನ್ನು ಅಡುಗೆಮನೆಯ ಹೊರಗೂ ಒಯ್ಯಬೇಡವೆ?

ಸಮಾಜ ತನ್ನನ್ನು ತಾನು ನೋಡಿಕೊಳ್ಳಬೇಕಾದ ಸಂದರ್ಭವೂ ಇದೇ. ಮಹಾವೀರ ಜಯಂತಿ ಬರುವುದು ಚೈತ್ರದ ಬಿಸಿಲಿನಲ್ಲಿ. ಮೆರವಣಿಗೆಯ ದಾರಿಯಲ್ಲಿ ಮಜ್ಜಿಗೆ ಪಾನಕ ಹಂಚುವ ಸಂಪ್ರದಾಯ ಸುಂದರವಾದದ್ದು. ಮೆರವಣಿಗೆ ಸಾಗಿದ ಬಳಿಕ ಅದೇ ರಸ್ತೆಯಲ್ಲಿ ಚೆಲ್ಲಾಡಿದ ಲೋಟಗಳನ್ನು ಆಯುವವರು ಪಾಲಿಕೆಯ ಕಾರ್ಮಿಕರು. ಪ್ಲಾಸ್ಟಿಕ್ ಲೋಟಗಳನ್ನು 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಿಸಲಾಯಿತು. ಅವುಗಳ ಜಾಗಕ್ಕೆ ಒಳಮೈಗೆ ಪ್ಲಾಸ್ಟಿಕ್ ಲೇಪವಿರುವ ಕಾಗದದ ಲೋಟಗಳು ಬಂದವು. ಅಪರಿಗ್ರಹದ ಉಪನ್ಯಾಸ ಕೇಳಿ ಬಂದವರ ಕೈಯಲ್ಲೇ ಈ ಲೋಟ ಇರುತ್ತದೆ. ಇನ್ನು ದಾನದ ರೀತಿ. ಕಲಶದ ಸವಾಲಿಗೆ, ಪ್ರತಿಷ್ಠೆಯ ಮಂಟಪಕ್ಕೆ ಒಂದೇ ಸಂಜೆಯಲ್ಲಿ ಕೂಡುವ ಮೊತ್ತದ ಬಡ್ಡಿಯಿಂದ ಒಂದು ಬಡಾವಣೆಯ ನೀರಿನ ಕಟ್ಟೆ ಶಾಶ್ವತವಾಗಿ ನಡೆಯಬಲ್ಲದು. ನೀರು ತಂಪುಮಾಡುವ ಪೆಟ್ಟಿಗೆ ಕೊಡುವ ದಾನಿಗಳಿಗೇನೂ ಕೊರತೆಯಿಲ್ಲ. ಆ ಪೆಟ್ಟಿಗೆಯ ಮೇಲೆ ತಂದೆತಾಯಿಯರ ಹೆಸರು ಕೆತ್ತಿಸಿ, ಉದ್ಘಾಟನೆಯ ಚಿತ್ರ ತೆಗೆಸಿಕೊಂಡು ಹೋದವರು ಮೂರನೆಯ ಬೇಸಿಗೆಯಲ್ಲಿ ಅದರಲ್ಲಿ ನೀರು ಬರುತ್ತಿದೆಯೇ ಎಂದು ನೋಡಲು ಮರಳುವುದು ಅಪರೂಪ. ದಾನಚಿಂತಾಮಣಿಯೆಂದು ಕನ್ನಡಿಗರು ಇಂದಿಗೂ ಕೊಂಡಾಡುವ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಅವಳ ಹೆಸರು ಉಳಿದದ್ದು ಆ ಪ್ರತಿಗಳು ಓದುವವರ ಕೈ ಸೇರಿದ್ದರಿಂದ.

ಹಾಗಾದರೆ ಯಂತ್ರ ಬೇಡವೇ? ಸಿಹಿಪಾನೀಯದ ಯಂತ್ರ ಉದ್ಯಾನದೊಳಗೆ ಬೇಡ. ಬೇಕಾದವರಿಗೆ ಅದು ಊರಿನ ಪ್ರತಿ ಮೂಲೆಯ ಅಂಗಡಿಯಲ್ಲಿದೆ. ನೀರಿನ ಯಂತ್ರ ಬರಬಹುದು, ಆದರೆ ಅದರ ಪಕ್ಕದಲ್ಲಿ ಹಣವಿಲ್ಲದೆ ಕುಡಿಯಬಹುದಾದ ನಲ್ಲಿ ಮೊದಲು ನಡೆಯುತ್ತಿರಬೇಕು. ನಲ್ಲಿ ನಿಂತ ದಿನ ಯಂತ್ರವೂ ನಿಲ್ಲಬೇಕೆಂಬ ಷರತ್ತು ಗುತ್ತಿಗೆಯಲ್ಲೇ ಇರಬೇಕು. ಈ ಒಂದು ಷರತ್ತು ಸೇರಿದರೆ ಗುತ್ತಿಗೆದಾರನೇ ನಲ್ಲಿಯ ಕಾವಲುಗಾರನಾಗುತ್ತಾನೆ. ಯಂತ್ರ ಬಾಟಲಿ ಮಾರದೆ, ತಂದ ಪಾತ್ರೆಗೆ ನೀರು ತುಂಬಲಿ, ನಾಣ್ಯವನ್ನೂ ಸ್ವೀಕರಿಸಲಿ. ಉದ್ಯಾನ ಮುಚ್ಚಿದ ಮೇಲೆ ಅದರ ದೀಪ ಆರಲಿ. ಮಜ್ಜಿಗೆ, ಎಳನೀರಿನ ಗೂಡಿಗೆ ಜಾಗ ಕೊಡುವುದಾದರೆ ಈಗಾಗಲೇ ಗೇಟಿನ ಹೊರಗೆ ನಿಂತಿರುವವರಿಗೇ ಮೊದಲ ಹಕ್ಕು ಸಲ್ಲಬೇಕು.

ಇದೆಲ್ಲ ಕೇಳಬೇಕಾದದ್ದು ಚುನಾಯಿತ ಪ್ರತಿನಿಧಿಗಳನ್ನು. ಮುಂಬಯಿ ಪಾಲಿಕೆಯ ಅವಧಿ 2022ರ ಮಾರ್ಚ್‌ನಲ್ಲಿ ಮುಗಿದ ಬಳಿಕ ವರ್ಷಗಟ್ಟಲೆ ಆಡಳಿತಾಧಿಕಾರಿಯ ಕೈಯಲ್ಲೇ ನಗರ ನಡೆಯಿತು. ಅಂಥ ಕಾಲದಲ್ಲಿ ಟೆಂಡರುಗಳು ಪ್ರಶ್ನೆಯಿಲ್ಲದೆ ಸಾಗುವ ಅಭ್ಯಾಸ ಬೆಳೆಯುತ್ತದೆ. ಹೊರನಾಡಿನ ಕನ್ನಡಿಗರು ಸ್ಥಳೀಯ ರಾಜಕೀಯ ತಮ್ಮದಲ್ಲವೆಂದು ದೂರ ನಿಲ್ಲುವುದೂ ಹಳೆಯ ಅಭ್ಯಾಸವೇ. ಮೂರು ತಲೆಮಾರು ಒಂದೇ ಊರಿನ ನೀರು ಕುಡಿದವರಿಗೆ ಆ ಸಂಕೋಚ ಶೋಭಿಸದು. ಗೃಹಸಂಘದ ಮುಂದಿನ ಸಭೆಗೆ ಹೋಗುವವರು ಒಂದು ಅರ್ಜಿ ಬರೆದು ಒಯ್ಯಲಿ. ವಾರ್ಡಿನ ಉದ್ಯಾನಗಳಲ್ಲಿ ಕುಡಿಯುವ ನೀರಿನ ನಲ್ಲಿಗಳು ಎಷ್ಟಿವೆ, ಅವುಗಳಲ್ಲಿ ಎಷ್ಟು ನಡೆಯುತ್ತಿವೆ, ತೊಟ್ಟಿ ಕಡೆಯ ಬಾರಿ ತೊಳೆದದ್ದು ಯಾವಾಗ ಎಂದು ಅದರಲ್ಲಿ ಕೇಳಲಿ. ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ ಹತ್ತು ರೂಪಾಯಿ. ಬಸದಿಯ ಟ್ರಸ್ಟುಗಳು ಈ ವರ್ಷ ಹೊಸ ಪೆಟ್ಟಿಗೆ ಕೊಡುವ ಬದಲು, ಹಿಂದೆ ತಮ್ಮ ಹೆಸರಿನಲ್ಲಿ ಕೊಟ್ಟ ಪೆಟ್ಟಿಗೆಗಳ ಪಟ್ಟಿ ತೆಗೆದು ಒಂದೊಂದರ ನಲ್ಲಿಯನ್ನೂ ತಿರುಗಿಸಿ ನೋಡಿ ಬರಲಿ. ಆ ಪಟ್ಟಿಯ ಫಲಿತಾಂಶವನ್ನು ದಶಲಕ್ಷಣ ಪರ್ವದ ಸಭೆಯಲ್ಲಿ ಲೆಕ್ಕಪತ್ರದ ಜೊತೆಗೆ ಓದಬಹುದು.